ಹೊರದೇಶದಲ್ಲಿ ಕೊಳ್ಳುವ ಮುನ್ನ: ಹಾಸನ, ಚಿಕ್ಕಮಗಳೂರಿನ ಪ್ರವಾಸಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿದು, ಕೂಲಿಯ ಲೆಕ್ಕವೆಲ್ಲ ಚುಕ್ತಾ ಆದ ಮೇಲೆ ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ಎಷ್ಟೋ ಕುಟುಂಬಗಳು ಈಗ ದುಬೈ, ಸಿಂಗಪುರ, ಯುರೋಪು ಎಂದು ಹತ್ತು ಹನ್ನೆರಡು ದಿನಗಳ ಪ್ರವಾಸಕ್ಕೆ ಹೊರಡುತ್ತವೆ. ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾಗಳಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುವ ತಂದೆತಾಯಂದಿರು ಹಾಸನದ ಯಾವ ಬಡಾವಣೆಯಲ್ಲಿ ಹುಡುಕಿದರೂ ಸಿಗುತ್ತಾರೆ. ಹೀಗೆ ಹೊರಟವರೂ ಹೋಗಿ ಬಂದವರೂ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ಓದುವಾಗ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹೊರದೇಶದ ಕಾನೂನು ಕೊಡುವ ಹಕ್ಕು ಮೂವತ್ತು ದಿನದ್ದೋ ಎರಡು ವರ್ಷದ್ದೋ ಆಗಿರಬಹುದು, ಆದರೆ ಪ್ರವಾಸಿಯ ಕೈಯಲ್ಲಿ ಅದು ಇರುವುದು ವಿಮಾನ ಹತ್ತುವವರೆಗೆ ಮಾತ್ರ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ಹೆಚ್ಚಿನವು ಹಣ ಕೊಡುವುದಕ್ಕೆ ಮೊದಲು ಏನು ಮಾಡಬೇಕು ಎಂಬುದನ್ನೇ ಹೇಳುತ್ತವೆ.

ಪ್ರಶ್ನೆ: ಯುರೋಪಿನಲ್ಲಿ ಏನನ್ನೇ ಕೊಂಡರೂ ಹದಿನಾಲ್ಕು ದಿನದೊಳಗೆ ವಾಪಸು ಕೊಡಬಹುದಂತೆ. ನಿಜವೇ?

ಅರ್ಧ ನಿಜ. ಈ ಅರ್ಧದಿಂದಲೇ ಹೆಚ್ಚು ಜನ ಮೋಸ ಹೋಗುತ್ತಾರೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 14 ದಿನಗಳೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕು ಇರುವುದು ಆನ್‌ಲೈನಿನಲ್ಲಿ, ಫೋನಿನಲ್ಲಿ ಅಥವಾ ಮನೆ ಬಾಗಿಲಿಗೆ ಬಂದ ಮಾರಾಟಗಾರರಿಂದ ಕೊಂಡಾಗ. ಪ್ಯಾರಿಸ್ಸಿನ ಅಂಗಡಿಗೆ ನೀವೇ ನಡೆದು ಹೋಗಿ, ಕೈಯಲ್ಲಿ ಹಿಡಿದು ನೋಡಿ, ಹಣ ಕೊಟ್ಟು ತಂದ ಕೋಟು ಹೋಟೆಲಿನ ಕನ್ನಡಿಯ ಮುಂದೆ ಇಷ್ಟವಾಗಲಿಲ್ಲ ಎಂದರೆ ಅದನ್ನು ವಾಪಸು ಪಡೆಯುವ ಕಾನೂನಿನ ಬಾಧ್ಯತೆ ಅಂಗಡಿಯವರಿಗಿಲ್ಲ. ಹಲವು ದೊಡ್ಡ ಅಂಗಡಿಗಳು ತಾವಾಗಿಯೇ ವಾಪಸು ತೆಗೆದುಕೊಳ್ಳುತ್ತವೆ. ಅದು ಅಂಗಡಿಯ ಪದ್ಧತಿಯೇ ಹೊರತು ನಿಮ್ಮ ಹಕ್ಕಲ್ಲ, ಅಂಗಡಿಯಿಂದ ಅಂಗಡಿಗೆ ಬೇರೆಯಾಗಿಯೂ ಇರುತ್ತದೆ.

ಅಮೆರಿಕದಲ್ಲಿಯೂ ಅಂಗಡಿಯಲ್ಲಿ ಕೊಂಡದ್ದನ್ನು ಮನಸ್ಸು ಬದಲಾಯಿತೆಂದು ಹಿಂದಿರುಗಿಸುವುದಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಇಲ್ಲ. ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ಮೂರು ದಿನಗಳ ನಿಯಮವೊಂದಿದೆ, ಆದರೆ ಅದು ಮನೆಗೆ ಬಂದು ಅಥವಾ ತಾತ್ಕಾಲಿಕ ಜಾಗದಲ್ಲಿ ಕುಳಿತು ಮಾರುವವರಿಗೆ ಸಂಬಂಧಿಸಿದ್ದು. ಕೆಲವು ರಾಜ್ಯಗಳು ತಮ್ಮದೇ ನಿಯಮ ಮಾಡಿಕೊಂಡಿವೆ. ಕ್ಯಾಲಿಫೋರ್ನಿಯಾದಲ್ಲಿ ಏಳು ದಿನಗಳೊಳಗೆ ಪೂರ್ತಿ ಹಣ ಹಿಂದಿರುಗಿಸದ ಅಂಗಡಿಯು ತನ್ನ ಪದ್ಧತಿ ಏನೆಂಬುದನ್ನು ಗಿರಾಕಿಗೆ ಕಾಣುವಂತೆ ಹಾಕಿರಬೇಕು. ಆದ್ದರಿಂದ ಬಿಲ್ ಹಾಕಿಸುವ ಮೊದಲೇ ಮೂರು ಮಾತು ಕೇಳಿಬಿಡಿ: ವಾಪಸು ತೆಗೆದುಕೊಳ್ಳುತ್ತೀರಾ, ಎಷ್ಟು ದಿನದೊಳಗೆ, ಹಣವನ್ನೇ ಕೊಡುತ್ತೀರಾ ಅಥವಾ ಬದಲಿ ಸಾಮಾನು ಕೊಡುತ್ತೀರಾ. ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಇಲ್ಲಿ ಸಂಕೋಚ ಬೇಡ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ತೆಂಗಿನಕಾಯಿಯನ್ನು ಅಲ್ಲಾಡಿಸಿ, ಬೆರಳಿನಿಂದ ತಟ್ಟಿ ನೋಡಿ ಕೊಳ್ಳುವ ನಾವು ಹೊರದೇಶದ ಗಾಜಿನ ಅಂಗಡಿಯಲ್ಲಿ ಮಾತೇ ಆಡದೆ ಹಣ ಕೊಟ್ಟು ಬರುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಪ್ರಶ್ನೆ: ಇಷ್ಟವಾಗದಿರುವುದು ಬೇರೆ. ವಸ್ತುವೇ ಕೆಟ್ಟಿದ್ದರೆ?

ಆಗ ಕಾನೂನು ನಿಮ್ಮ ಕಡೆಗೆ ಗಟ್ಟಿಯಾಗಿ ನಿಲ್ಲುತ್ತದೆ. ಈ ಹಕ್ಕು ಆಯಾ ದೇಶದ ಪ್ರಜೆಗಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಇದೆ. ಅಲ್ಲಿ ಕೊಂಡ ಪ್ರವಾಸಿಗೂ ಅದು ಸಲ್ಲುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಹೊಸ ವಸ್ತುವಿಗೆ ಕನಿಷ್ಠ ಎರಡು ವರ್ಷಗಳ ಕಾನೂನಾತ್ಮಕ ಖಾತರಿ ಇದೆ, ಸ್ಪೇನಿನಲ್ಲಿ 2022ರಿಂದ ಅದು ಮೂರು ವರ್ಷ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು 30 ದಿನಗಳೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ಸಿಂಗಪುರದಲ್ಲಿ 2012ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಆರು ತಿಂಗಳೊಳಗೆ ಕಾಣಿಸಿಕೊಂಡ ದೋಷವು ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ, ಇರಲಿಲ್ಲವೆಂದು ತೋರಿಸಬೇಕಾದವನು ಮಾರಿದವನು. ಆಸ್ಟ್ರೇಲಿಯಾ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ‘ಯಾವ ಕಾರಣಕ್ಕೂ ಹಣ ವಾಪಸಿಲ್ಲ’ ಎಂದು ಬೋರ್ಡು ಹಾಕುವುದೇ ಕಾನೂನಿಗೆ ವಿರುದ್ಧ.

ಇಷ್ಟೆಲ್ಲ ಇದ್ದರೂ ದೋಷವನ್ನು ಅಲ್ಲಿರುವಾಗಲೇ ಕಂಡುಕೊಂಡರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾ, ಗಡಿಯಾರ, ಫೋನು, ಸೂಟ್‌ಕೇಸು ಯಾವುದನ್ನೇ ಕೊಂಡರೂ ಅದೇ ದಿನ ಸಂಜೆ ಹೋಟೆಲಿನಲ್ಲಿ ಪೆಟ್ಟಿಗೆ ಬಿಚ್ಚಿ, ಚಾರ್ಜು ಹಾಕಿ, ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿ. ಊರಿಗೆ ಹೋದ ಮೇಲೆ ಎಲ್ಲರ ಮುಂದೆ ಬಿಚ್ಚೋಣ ಎಂದು ಪೆಟ್ಟಿಗೆಯನ್ನು ಹಾಗೆಯೇ ತರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ, ಆದರೆ ಆ ಒಂದು ಆಸೆಗೆ ಕೆಲವರು ಪೂರ್ತಿ ಬೆಲೆಯನ್ನೇ ತೆತ್ತಿದ್ದಾರೆ. ಇನ್ನೊಂದು ಮಾತು: ಮುಖ್ಯ ಖರೀದಿಯನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಆ ಊರು ಬಿಡಲು ಇನ್ನೂ ಎರಡು ದಿನವಾದರೂ ಇರಬೇಕು.

ಪ್ರಶ್ನೆ: ಊರಿಗೆ ಬಂದ ಮೇಲೆ ದೋಷ ಗೊತ್ತಾಯಿತು. ಹಾಸನದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದೇ?

ಯಾರ ಮೇಲೆ ಎಂಬುದರ ಮೇಲೆ ಉತ್ತರ ನಿಂತಿದೆ. ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಹಳೆಯ 1986ರ ಕಾಯ್ದೆಗೆ ಹೋಲಿಸಿದರೆ ಅದರಲ್ಲಿ ನಮ್ಮಂಥ ಸಣ್ಣ ಊರಿನವರಿಗೆ ಬಹಳ ಅನುಕೂಲವಾದ ಒಂದು ಬದಲಾವಣೆ ಇದೆ. ದೂರುದಾರರು ತಾವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗಿದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಕೊಡಬೇಕು.

ಇದನ್ನು ಪ್ರವಾಸಿಗಳ ಮೂರು ಬಗೆಯ ತಕರಾರುಗಳಿಗೆ ಹೊಂದಿಸಿ ನೋಡೋಣ. ನೀವು ಹಣ ಕೊಟ್ಟದ್ದು ಇಲ್ಲಿನ ಪ್ರವಾಸ ಸಂಸ್ಥೆಗೆ, ಅದು ಹೇಳಿದ ಹೋಟೆಲು ಕೊಡಲಿಲ್ಲ ಅಥವಾ ನೋಡುವ ಜಾಗಗಳನ್ನು ಬಿಟ್ಟು ಅಂಗಡಿಗಳನ್ನೇ ಸುತ್ತಿಸಿತು ಎಂದಾದರೆ ಹಾಸನದಲ್ಲಿಯೋ ಚಿಕ್ಕಮಗಳೂರಿನಲ್ಲಿಯೋ ದೂರು ಹಾಕಲು ಯಾವ ಅಡ್ಡಿಯೂ ಇಲ್ಲ. ಅದಕ್ಕೆ ಪ್ರವಾಸದ ದಿನವಹಿ ವಿವರ ಇರುವ ಕಾಗದವನ್ನು ಹೊರಡುವ ಮುನ್ನವೇ ಸಂಸ್ಥೆಯಿಂದ ಪಡೆದು ಜೋಪಾನವಾಗಿ ಇಟ್ಟುಕೊಂಡಿರಬೇಕು. ಎರಡನೆಯದು, ವಿದೇಶಿ ಆನ್‌ಲೈನ್ ಅಂಗಡಿ. ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ಹೊರದೇಶದ ಇ-ಕಾಮರ್ಸ್ ಸಂಸ್ಥೆಗೂ 2020ರ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ. ಮೂರನೆಯದು, ಬ್ಯಾಂಕಾಕಿನ ಒಂದು ಗಲ್ಲಿಯ ಅಂಗಡಿ. ನೀವು ಇಲ್ಲಿ ದೂರು ಬರೆದುಕೊಟ್ಟರೂ ಅಲ್ಲಿನ ಅಂಗಡಿಯವನಿಗೆ ನೋಟಿಸು ಮುಟ್ಟಿಸಿ, ಆದೇಶ ಪಡೆದು, ಅದನ್ನು ಆ ದೇಶದಲ್ಲಿ ಜಾರಿ ಮಾಡಿಸುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಆ ದಾರಿಯಲ್ಲಿ ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಅಂಥ ಸಂದರ್ಭದಲ್ಲಿ ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ದಾರಿ ಉಳಿದಿರುತ್ತದೆ. ಅದನ್ನು ಮುಂದಿನ ಪ್ರಶ್ನೆಯಲ್ಲಿ ವಿವರಿಸಿದ್ದೇನೆ.

ದೂರು ಬರೆಯುವ ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಪ್ರಶ್ನೆ: ನಗದು ಒಯ್ಯುವುದು ಒಳ್ಳೆಯದೋ ಕಾರ್ಡೋ? ಅಂಗಡಿಯವರು ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದು ಕೇಳುತ್ತಾರಲ್ಲ, ಅದು ಏನು?

ಸಣ್ಣ ಪುಟ್ಟದಕ್ಕೆ ನಗದು, ಬೆಲೆಬಾಳುವುದಕ್ಕೆಲ್ಲ ಕಾರ್ಡು. ಕಾರಣ ಸರಳ. ನಗದು ಕೈ ಬಿಟ್ಟ ಮೇಲೆ ನಿಮ್ಮ ಹತ್ತಿರ ಉಳಿಯುವುದು ರಸೀದಿ ಮಾತ್ರ. ಕಾರ್ಡಿನಲ್ಲಿ ಕೊಟ್ಟರೆ ಸಾಮಾನು ಬಾರದೇ ಹೋದಾಗ, ಹೇಳಿದ್ದೇ ಒಂದು ಕೊಟ್ಟದ್ದೇ ಒಂದು ಆದಾಗ, ಅಥವಾ ಒಂದೇ ಬಿಲ್ಲಿಗೆ ಎರಡು ಸಲ ಹಣ ಕಡಿತವಾದಾಗ ನಿಮ್ಮ ಬ್ಯಾಂಕಿಗೆ ತಕರಾರು ಸಲ್ಲಿಸಿ ಹಣ ಹಿಂಪಡೆಯಲು ಅವಕಾಶವಿದೆ. ಇದನ್ನು ಬ್ಯಾಂಕಿನವರು ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಇದಕ್ಕೆ ಗಡುವಿದೆ, ಹೆಚ್ಚಿನ ಪ್ರಕರಣಗಳಲ್ಲಿ ಸುಮಾರು 120 ದಿನ. ಬಿಲ್ಲು, ವಸ್ತುವಿನ ಫೋಟೋ, ಅಂಗಡಿಯವರಿಗೆ ನೀವು ಬರೆದ ಇಮೇಲ್ ಇವು ಜೊತೆಗಿರಬೇಕು. ಬ್ರಿಟನ್ನಿನ 1974ರ ಕಾಯ್ದೆಯೊಂದು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡವರಿಗೆ ಕಾರ್ಡ್ ಕಂಪನಿಯನ್ನೇ ಹೊಣೆ ಮಾಡುತ್ತದೆ ಎಂದು ಅಲ್ಲಿರುವ ಮಕ್ಕಳು ಹೇಳಿರಬಹುದು. ಅದು ಅಲ್ಲಿ ಕೊಟ್ಟ ಕಾರ್ಡುಗಳಿಗೆ, ನಮ್ಮ ಬ್ಯಾಂಕಿನ ಕಾರ್ಡಿಗಲ್ಲ.

ಇನ್ನು ರೂಪಾಯಿಯ ಮಾತು. ಕಾರ್ಡ್ ಉಜ್ಜುವ ಯಂತ್ರದ ಪರದೆಯ ಮೇಲೆ ಎರಡು ಮೊತ್ತ ಬರುತ್ತವೆ, ಒಂದು ಯೂರೋದಲ್ಲೋ ದಿರ್ಹಾಮಿನಲ್ಲೋ, ಇನ್ನೊಂದು ರೂಪಾಯಿಯಲ್ಲಿ. ನಮ್ಮ ರೂಪಾಯಿ ಎಂಬ ಸಲುಗೆಯಿಂದ ಅದನ್ನೇ ಒತ್ತಿದರೆ ವಿನಿಮಯ ದರವನ್ನು ನಿರ್ಧರಿಸುವುದು ಅಂಗಡಿಯ ಕಡೆಯ ಸಂಸ್ಥೆ, ಅದು ತನ್ನ ಲಾಭವನ್ನು ದರದೊಳಗೇ ಸೇರಿಸಿರುತ್ತದೆ. ಇದರ ಮೇಲೆ ನಮ್ಮ ಕೆಲವು ಬ್ಯಾಂಕುಗಳು ಬೇರೆ ಶುಲ್ಕವನ್ನೂ ಹಾಕುತ್ತವೆ. ಯಾವಾಗಲೂ ಆ ದೇಶದ ಹಣವನ್ನೇ ಆರಿಸಿಕೊಳ್ಳಿ. ಎಟಿಎಂನಲ್ಲಿಯೂ ಇದೇ ಪ್ರಶ್ನೆ ಬರುತ್ತದೆ, ಉತ್ತರವೂ ಇದೇ. ಆಗಲೂ ನಿಮ್ಮ ಬ್ಯಾಂಕು ವಿದೇಶಿ ವಿನಿಮಯಕ್ಕೆ ಸಾಮಾನ್ಯವಾಗಿ ಶೇ 2ರಿಂದ 3.5ರಷ್ಟು ಸೇರಿಸುತ್ತದೆ, ಫಾರೆಕ್ಸ್ ಕಾರ್ಡಿನಲ್ಲಿ ಮೊದಲೇ ಆ ದೇಶದ ಹಣ ತುಂಬಿಸಿಕೊಂಡರೆ ಈ ಸೇರ್ಪಡೆ ತಪ್ಪುತ್ತದೆ.

ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ತೆರೆದು, ದಿನದ ಮಿತಿಯನ್ನು ಇಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಕಾರ್ಡು ಕಳೆದು ಬೇರೆಯವರು ಬಳಸಿದರೆ ಅದೇ ಗಳಿಗೆ ಬ್ಯಾಂಕಿಗೆ ತಿಳಿಸಿ ತಡೆಹಿಡಿಸಬೇಕು. ನಿಮ್ಮ ತಪ್ಪಿಲ್ಲದೆ ಹೊರಗಿನವರು ನಡೆಸಿದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕು 2017ರ ಜುಲೈ ಸುತ್ತೋಲೆಯಲ್ಲಿ ಹೇಳಿದೆ. ಬ್ಯಾಂಕಿನ ಒಟಿಪಿ ಬರುವ ಸಿಮ್ ವಿದೇಶದಲ್ಲಿ ನಡೆಯುವಂತೆ ರೋಮಿಂಗ್ ಮಾಡಿಸಿಕೊಳ್ಳುವುದನ್ನು ಮರೆತವರು ಅಲ್ಲಿ ಪರದಾಡುತ್ತಾರೆ.

ಪ್ರಶ್ನೆ: ಅಲ್ಲಿ ಎಂಆರ್‌ಪಿ ಇರುವುದಿಲ್ಲವೇ?

ಇಲ್ಲ. ಪೊಟ್ಟಣದ ಮೇಲೆ ಗರಿಷ್ಠ ಚಿಲ್ಲರೆ ಬೆಲೆ ಮುದ್ರಿಸಿರಬೇಕೆಂಬುದು ನಮ್ಮಲ್ಲಿನ ಪದ್ಧತಿ. ನೀವು ಹೋಗುವ ಹೆಚ್ಚಿನ ದೇಶಗಳಲ್ಲಿ ಒಂದೇ ನೀರಿನ ಬಾಟಲಿಗೆ ಸೂಪರ್ ಮಾರುಕಟ್ಟೆಯಲ್ಲಿ ಒಂದು ಬೆಲೆ, ಪ್ರವಾಸಿ ತಾಣದಲ್ಲಿ ನಾಲ್ಕು ಪಟ್ಟು, ಎರಡೂ ಕಾನೂನಿಗೆ ಸರಿ. ಯುರೋಪಿನಲ್ಲಿ ಕಪಾಟಿನ ಮೇಲೆ ಬರೆದ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಅಮೆರಿಕದಲ್ಲಿ ಸೇರಿರುವುದಿಲ್ಲ, ಕೌಂಟರಿನಲ್ಲಿ ಮಾರಾಟ ತೆರಿಗೆ ಕೂಡಿಸುತ್ತಾರೆ, ಅದು ರಾಜ್ಯಕ್ಕೊಂದು ಊರಿಗೊಂದು. ಆರೆಗಾನ್, ಡೆಲವೇರ್, ನ್ಯೂ ಹ್ಯಾಂಪ್‌ಶೈರ್, ಮೊಂಟಾನಾ ರಾಜ್ಯಗಳಲ್ಲಿ ರಾಜ್ಯದ ಮಾರಾಟ ತೆರಿಗೆ ಇಲ್ಲ.

ಪ್ರಶ್ನೆ: ಪ್ರವಾಸಿಗರಿಗೆ ತೆರಿಗೆ ವಾಪಸು ಸಿಗುತ್ತದೆಯಂತೆ. ಹೇಗೆ, ಎಷ್ಟು?

ಸಿಗುತ್ತದೆ. ಆದರೆ ಎಲ್ಲ ದೇಶದಲ್ಲಿಯೂ ಅಲ್ಲ, ಪೂರ್ತಿಯೂ ಅಲ್ಲ. ಐರೋಪ್ಯ ಒಕ್ಕೂಟದಲ್ಲಿ ಒಕ್ಕೂಟದ ಹೊರಗೆ ವಾಸವಿರುವವರು ಕೊಂಡು ಹೊರಗೆ ಒಯ್ಯುವ ವಸ್ತುವಿನ ಮೇಲಿನ ವ್ಯಾಟ್, ಅಂದರೆ ಬೆಲೆಯಲ್ಲಿ ಸೇರಿರುವ ತೆರಿಗೆಯನ್ನು, ಹಿಂದಿರುಗಿಸುತ್ತಾರೆ. ಹೋಟೆಲಿಗೆ, ಊಟಕ್ಕೆ, ಟ್ಯಾಕ್ಸಿಗೆ ಕೊಟ್ಟದ್ದಕ್ಕೆ ಇಲ್ಲ. ಕನಿಷ್ಠ ಖರೀದಿಯ ಮೊತ್ತ ದೇಶದಿಂದ ದೇಶಕ್ಕೆ ಬೇರೆ: ಫ್ರಾನ್ಸಿನಲ್ಲಿ 100 ಯೂರೋ ದಾಟಬೇಕು, ಇಟಲಿಯಲ್ಲಿ 2024ರಿಂದ 70, ಜರ್ಮನಿಯಲ್ಲಿ 50, ಸ್ಪೇನಿನಲ್ಲಿ ಮಿತಿಯೇ ಇಲ್ಲ. ಫ್ರಾನ್ಸಿನ ವ್ಯಾಟ್ ಶೇ 20, ಇಟಲಿಯದು ಶೇ 22, ಆದರೆ ಮಧ್ಯವರ್ತಿ ಕಂಪನಿಗಳ ಶುಲ್ಕ ಕಳೆದು ನಿಮ್ಮ ಕೈಗೆ ಬರುವುದು ಅದಕ್ಕಿಂತ ಸಾಕಷ್ಟು ಕಡಿಮೆ.

ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ಅರ್ಜಿ ನಮೂನೆ ಮಾಡಿಸಿಕೊಳ್ಳಬೇಕು. ಇಲ್ಲಿ ನಮ್ಮವರು ಮಾಡುವ ತಪ್ಪೊಂದಿದೆ. ಮ್ಯೂನಿಕ್‌ನಲ್ಲಿ ನೆಲೆಸಿ ಕೆಲಸ ಮಾಡುವ ಮಗನ ಹೆಸರಿನಲ್ಲಿ ಬಿಲ್ಲು ಹಾಕಿಸಿ, ತೆರಿಗೆ ವಾಪಸು ಕೇಳಲು ಹೋಗುತ್ತಾರೆ. ಮಗ ಅಲ್ಲಿನ ನಿವಾಸಿ, ಅವನಿಗೆ ಈ ಸೌಲಭ್ಯವಿಲ್ಲ. ಬಿಲ್ಲು ಪ್ರವಾಸಿಯಾಗಿ ಹೋದ ತಂದೆಯ ಅಥವಾ ತಾಯಿಯ ಹೆಸರಿನಲ್ಲಿರಬೇಕು, ಸಾಮಾನನ್ನು ಅವರೇ ಹೊರಗೆ ಒಯ್ಯಬೇಕು, ಅದೂ ಕೊಂಡ ತಿಂಗಳು ಮುಗಿದ ಮೇಲೆ ಮೂರು ತಿಂಗಳೊಳಗೆ.

ನಂತರದ ಹಂತ ಕಸ್ಟಮ್ಸ್ ಸೀಲು. ಐರೋಪ್ಯ ಒಕ್ಕೂಟವನ್ನು ಬಿಡುವ ಕೊನೆಯ ಜಾಗದಲ್ಲಿ ಅಧಿಕಾರಿಗೆ ವಸ್ತುವನ್ನು ತೋರಿಸಿ ನಮೂನೆಗೆ ಸೀಲು ಹಾಕಿಸಬೇಕು, ಕೆಲವೆಡೆ ಯಂತ್ರದಲ್ಲಿಯೇ ಇದು ಆಗುತ್ತದೆ. ಸಾಮಾನು ದೊಡ್ಡ ಬ್ಯಾಗಿನಲ್ಲಿದ್ದರೆ ಬ್ಯಾಗನ್ನು ವಿಮಾನ ಕಂಪನಿಗೆ ಒಪ್ಪಿಸುವ ಮುನ್ನವೇ ಈ ಕೆಲಸ ಆಗಬೇಕು. ನನ್ನ ಅಕ್ಕ ಭಾವ ರೋಮ್‌ನಿಂದ ಹೊರಡುವಾಗ ಬ್ಯಾಗುಗಳನ್ನು ಮೊದಲೇ ಕೊಟ್ಟುಬಿಟ್ಟರು. ತೋರಿಸಲು ಸಾಮಾನಿಲ್ಲದೆ, ಅಧಿಕಾರಿಯೊಂದಿಗೆ ವಾದಿಸಲು ಭಾಷೆಯೂ ಬಾರದೆ, ಸುಮ್ಮನೆ ಬಂದರು. ಇನ್ನೊಂದು ತೊಡಕು ಸ್ವಿಟ್ಜರ್ಲೆಂಡಿನದು. ಗುಂಪು ಪ್ರವಾಸಗಳಲ್ಲಿ ಪ್ಯಾರಿಸ್ ನೋಡಿ ಬಸ್ಸಿನಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ಜ್ಯೂರಿಕ್‌ನಿಂದ ವಿಮಾನ ಹತ್ತುತ್ತಾರೆ. ಆ ದೇಶ ಒಕ್ಕೂಟದಲ್ಲಿಲ್ಲ. ಆದ್ದರಿಂದ ಫ್ರಾನ್ಸಿನ ಬಿಲ್ಲಿನ ಸೀಲು ಗಡಿ ದಾಟುವಾಗಲೇ ಬೀಳಬೇಕು. ಬಸ್ಸನ್ನು ಅಲ್ಲಿ ನಿಲ್ಲಿಸುತ್ತಾರೆಯೇ ಎಂದು ಪ್ರವಾಸ ಸಂಸ್ಥೆಯನ್ನು ಮೊದಲೇ ಕೇಳಿ.

ಲಂಡನ್ನಿನಲ್ಲಿ ಕೊಂಡು ಮನೆಗೆ ತರುವ ಸಾಮಾನಿಗೆ ಈ ಸೌಲಭ್ಯ 2020ರ ಕೊನೆಗೇ ನಿಂತುಹೋಗಿದೆ. ಹಳೆಯ ಪ್ರವಾಸಿಗರ ಮಾತು ನಂಬಿ ಹೋಗಬೇಡಿ. ಅಮೆರಿಕದಲ್ಲಿ ದೇಶಮಟ್ಟದ ವಾಪಸಾತಿ ಇಲ್ಲ. ದುಬೈ, ಅಬುಧಾಬಿಗಳಲ್ಲಿ ವ್ಯಾಟ್ ಶೇ 5 ಮಾತ್ರ, ಯೋಜನೆಗೆ ಸೇರಿದ ಅಂಗಡಿಯಲ್ಲಿ ಕನಿಷ್ಠ 250 ದಿರ್ಹಾಮಿನ ಖರೀದಿಗೆ, ಕಟ್ಟಿದ ತೆರಿಗೆಯ ಶೇ 85ರಲ್ಲಿ ಸಣ್ಣ ಶುಲ್ಕ ಕಳೆದು ಕೊಡುತ್ತಾರೆ. ಸಿಂಗಪುರದಲ್ಲಿ 2024ರಿಂದ ಜಿಎಸ್‌ಟಿ ಶೇ 9, ಕನಿಷ್ಠ ಖರೀದಿ 100 ಸಿಂಗಪುರ ಡಾಲರು. ಆಸ್ಟ್ರೇಲಿಯಾದಲ್ಲಿ ಒಬ್ಬನೇ ವ್ಯಾಪಾರಿಯಿಂದ 300 ಆಸ್ಟ್ರೇಲಿಯಾ ಡಾಲರಿಗೆ ಕಡಿಮೆಯಾಗದಂತೆ, ಹೊರಡುವುದಕ್ಕೆ ಮುಂಚಿನ 60 ದಿನಗಳೊಳಗೆ ಕೊಂಡಿರಬೇಕು. ಜಪಾನಿನಲ್ಲಿ ಅಂಗಡಿಯಲ್ಲಿಯೇ ತೆರಿಗೆ ಬಿಡುವ ಪದ್ಧತಿಯನ್ನು 2026ರ ನವೆಂಬರ್ 1ರಿಂದ ವಿಮಾನ ನಿಲ್ದಾಣದಲ್ಲಿ ಹಿಂಪಡೆಯುವ ಪದ್ಧತಿಗೆ ಬದಲಿಸಲು ನಿರ್ಧರಿಸಲಾಗಿದೆ. ಎಲ್ಲ ಕಡೆಯೂ ನಿಲ್ದಾಣಕ್ಕೆ ಮಾಮೂಲಿಗಿಂತ ಒಂದು ಗಂಟೆಯಾದರೂ ಮುಂಚೆ ಹೋಗಬೇಕು.

ಪ್ರಶ್ನೆ: ದುಬೈನಲ್ಲಿ ಚಿನ್ನ ಅಗ್ಗವೇ? ಎಷ್ಟು ತರಬಹುದು?

ಗ್ರಾಂ ದರದ ವ್ಯತ್ಯಾಸವನ್ನು ಮಾತ್ರ ನೋಡಿ ಲೆಕ್ಕ ಹಾಕಬೇಡಿ. ಅಲ್ಲಿನ ಶೇ 5 ವ್ಯಾಟ್, ಮಜೂರಿ, ಇಲ್ಲಿ ಇಳಿದಾಗ ಕಟ್ಟಬೇಕಾದ ಸುಂಕ, ಕಾರ್ಡಿನ ವಿನಿಮಯ ಶುಲ್ಕ ಇವನ್ನೆಲ್ಲ ಕೂಡಿಸಿದ ಮೇಲೆ ಉಳಿಯುವುದು ಎಷ್ಟೆಂದು ಕಾಗದದ ಮೇಲೆ ಬರೆದು ನೋಡಿ. ಗ್ರಾಂ ದರ ಆ ದಿನಕ್ಕೆ ಗೊತ್ತಾದದ್ದು, ಮಜೂರಿಯಲ್ಲಿ ಚೌಕಾಸಿಗೆ ಅವಕಾಶವಿದೆ. ಡೇರಾದ ಚಿನ್ನದ ಬಜಾರಿನಲ್ಲಿ ಅದು ಒರಟುತನವಲ್ಲ, ವ್ಯಾಪಾರದ ರೂಢಿ. 22 ಕ್ಯಾರೆಟ್ಟಿಗೆ 916, 18ಕ್ಕೆ 750 ಎಂಬ ಮುದ್ರೆ ಇರಬೇಕು. ಬಿಲ್ಲಿನಲ್ಲಿ ತೂಕ, ಶುದ್ಧತೆ, ಕಲ್ಲಿನ ತೂಕ, ಮಜೂರಿ ಬೇರೆ ಬೇರೆಯಾಗಿ ಬರೆದಿರಬೇಕು. ಮುಂದೆ ಹಾಸನದ ಅಕ್ಕಸಾಲಿಗರ ಬಳಿ ಅದನ್ನು ಮಾರಲು ಅಥವಾ ಬದಲಿಸಲು ಹೋದಾಗ ನಿಮ್ಮ ಪರವಾಗಿ ಮಾತಾಡುವುದು ಆ ಬಿಲ್ಲೇ, ಏಕೆಂದರೆ ನಮ್ಮಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗಳ ಮೇಲಿರುವ ಆರು ಅಕ್ಷರಾಂಕಗಳ ಗುರುತು ಅದರ ಮೇಲೆ ಇರುವುದಿಲ್ಲ.

ತರುವ ಮಿತಿಯ ಬಗ್ಗೆ ಹರಡಿರುವ ತಪ್ಪು ಮಾತೆಂದರೆ ಹೆಂಗಸರು 40 ಗ್ರಾಂ, ಗಂಡಸರು 20 ಗ್ರಾಂ ಒಡವೆಯನ್ನು ಸುಂಕವಿಲ್ಲದೆ ತರಬಹುದು ಎಂಬುದು. ಆ ರಿಯಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿ ವಾಸವಿದ್ದು ಬರುವವರಿಗೆ. ಒಂದು ವಾರದ ಪ್ರವಾಸಿಗೆ ಅದು ಸಲ್ಲದು. ನಾಣ್ಯ, ಬಿಸ್ಕತ್ತುಗಳಿಗಂತೂ ಸಾಮಾನ್ಯ ಸುಂಕರಹಿತ ಮಿತಿಯಲ್ಲಿ ಜಾಗವೇ ಇಲ್ಲ.

ಪ್ರಶ್ನೆ: ದೇವನಹಳ್ಳಿಯಲ್ಲಿ ಇಳಿದಾಗ ಯಾವುದಕ್ಕೆ ಸುಂಕ ಕೇಳುತ್ತಾರೆ?

ಭಾರತದ ನಿವಾಸಿಯು ಜೊತೆಯಲ್ಲಿ ತರುವ ಹೊಸ ವಸ್ತುಗಳಿಗೆ ಒಂದು ಸುಂಕರಹಿತ ಮಿತಿ ಇದೆ. 2016ರ ಬ್ಯಾಗೇಜ್ ನಿಯಮಗಳು ಅದನ್ನು 50,000 ರೂಪಾಯಿಗೆ ಗೊತ್ತುಮಾಡಿದ್ದವು. ಇಂಥ ಮಿತಿಗಳು ಬಜೆಟ್ಟಿನ ಹೊತ್ತಿಗೆ ಬದಲಾಗುವುದರಿಂದ ಹೊರಡುವ ವಾರ ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲಿ ಆಗಿನ ಮೊತ್ತವನ್ನು ನೋಡಿಕೊಳ್ಳಿ. ಗಂಡ ಹೆಂಡತಿಯ ಮಿತಿಗಳನ್ನು ಕೂಡಿಸಿ ಒಂದೇ ದುಬಾರಿ ವಸ್ತುವಿಗೆ ಬಳಸಲು ಬರುವುದಿಲ್ಲ. ಮಿತಿಗಿಂತ ಹೆಚ್ಚಿದ್ದರೆ ಕೆಂಪು ದಾರಿಯಲ್ಲಿ ಹೋಗಿ ಬಿಲ್ಲು ತೋರಿಸಿ ಸುಂಕ ಕಟ್ಟುವುದೇ ಸರಿ. ಸುಂಕ ಕಟ್ಟುವುದೇನೂ ಇಲ್ಲದವರ ಹಸಿರು ದಾರಿಯಲ್ಲಿ ಹೋಗಿ ಸಿಕ್ಕಿಬಿದ್ದರೆ ದಂಡ ಬೀಳುತ್ತದೆ, ಸಾಮಾನನ್ನು ಮುಟ್ಟುಗೋಲು ಹಾಕಿಕೊಳ್ಳಲೂಬಹುದು. ‘ಇದನ್ನು ನಮ್ಮವರಿಗೆ ತಲುಪಿಸಿ’ ಎಂದು ಅಲ್ಲಿ ಪರಿಚಯವಾದವರು ಕೊಡುವ ಪೊಟ್ಟಣವನ್ನು ಎಷ್ಟೇ ಆತ್ಮೀಯರಾಗಿ ಕಂಡರೂ ತರಬೇಡಿ.

ಹೋಗುವಾಗಲೇ ಮೈಮೇಲೆ ಬೆಲೆಬಾಳುವ ಒಡವೆ ಇದ್ದರೆ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಮರಳಿ ಬರುವಾಗ ಇದು ಇಲ್ಲಿಂದಲೇ ಒಯ್ದದ್ದು ಎಂದು ತೋರಿಸಲು ಅದು ಬೇಕು. ಮದುವೆಗೆಂದು ಹೋಗುವವರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ.

ಪ್ರಶ್ನೆ: ಅಮೆರಿಕದಿಂದ ಮಿಕ್ಸಿ, ಕುಕ್ಕರ್, ಫೋನ್ ತರುವುದು ಲಾಭವೇ?

ಅಡುಗೆಮನೆಯ ವಿದ್ಯುತ್ ಸಾಮಾನನ್ನು ತರಬೇಡಿ. ಅಮೆರಿಕದ ವಿದ್ಯುತ್ 120 ವೋಲ್ಟ್, ಜಪಾನಿನದು 100, ನಮ್ಮದು 230. ನಮ್ಮ ಬಂಧುಗಳೊಬ್ಬರು ಮಗಳ ಮನೆಯಿಂದ ಪ್ರೀತಿಯಿಂದ ತಂದ ಅನ್ನದ ಕುಕ್ಕರನ್ನು ಪಿನ್ನು ಬದಲಿಸುವ ಅಡಾಪ್ಟರ್ ಹಾಕಿ ಹಚ್ಚಿದ ಮೊದಲ ದಿನವೇ ಸುಟ್ಟುಕೊಂಡರು. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು, ವೋಲ್ಟೇಜನ್ನಲ್ಲ. ಲ್ಯಾಪ್‌ಟಾಪು, ಫೋನು, ಕ್ಯಾಮೆರಾಗಳ ಚಾರ್ಜರಿನ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ತೊಂದರೆಯಿಲ್ಲ.

ಫೋನು ಕೊಳ್ಳುವ ಮೊದಲು ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಆ ಮಾದರಿಯ ಸಂಖ್ಯೆ ಹಿಡಿದು ಕಂಪನಿಯಿಂದಲೇ ಕೇಳಿ ತಿಳಿಯಿರಿ, ಅಂಗಡಿಯ ಹುಡುಗನ ಮಾತು ಸಾಲದು. ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 2022ರ ಐಫೋನ್ 14ರಿಂದೀಚೆಗೆ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಅಡಕವಾಗಿರುವ ಇ-ಸಿಮ್ ಮಾತ್ರ. ಅಲ್ಲಿನ ಮೊಬೈಲ್ ಕಂಪನಿಯ ಕಂತಿನಲ್ಲಿ ಕೊಂಡ ಫೋನು ಆ ಕಂಪನಿಗೇ ಬೀಗ ಹಾಕಿಕೊಂಡಿರಬಹುದು. ‘ಅನ್‌ಲಾಕ್ಡ್’ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಗೈಡ್ ಕರೆದೊಯ್ಯುವ ಅಂಗಡಿಗಳನ್ನು ನಂಬಬಹುದೇ?

ಗೈಡ್‌ಗೋ ಆಟೋದವನಿಗೋ ಅಲ್ಲಿ ಕಮಿಷನ್ ಇರುತ್ತದೆ ಎಂದು ತಿಳಿದೇ ಒಳಗೆ ಹೋಗಿ. ಬ್ಯಾಂಕಾಕಿನಲ್ಲಿ ಬಹಳ ಹಳೆಯ ಉಪಾಯವೊಂದು ಇಂದಿಗೂ ನಡೆಯುತ್ತಿದೆ. ‘ಈ ದಿನ ಅರಮನೆ ಮುಚ್ಚಿದೆ’ ಎಂದು ಹೇಳಿ, ಟುಕ್‌ಟುಕ್‌ನಲ್ಲಿ ಕಡಿಮೆ ಬಾಡಿಗೆಗೆ ಸುತ್ತಿಸಿ, ‘ಸರ್ಕಾರಿ ರಿಯಾಯಿತಿ’ಯ ಹರಳಿನ ಅಂಗಡಿಗೆ ಬಿಡುತ್ತಾರೆ, ಊರಿನಲ್ಲಿ ಎರಡು ಪಟ್ಟಿಗೆ ಮಾರಬಹುದು ಎನ್ನುತ್ತಾರೆ. ಹರಳಿನ ಬೆಲೆಯನ್ನು ಬರಿಗಣ್ಣಿನಲ್ಲಿ ತಿಳಿಯಲು ನಮಗೆ ನಿಮಗೆ ಆಗುವುದಿಲ್ಲ. ಥಾಯ್ಲೆಂಡಿನ ಪ್ರವಾಸಿ ಪೊಲೀಸರ ಸಂಖ್ಯೆ 1155. ಅಲ್ಲಿಂದ ಬುದ್ಧನ ವಿಗ್ರಹ ತರುವುದಕ್ಕೂ ಲಲಿತಕಲಾ ಇಲಾಖೆಯ ಅನುಮತಿ ಬೇಕು ಎಂಬುದು ಹಲವರಿಗೆ ತಿಳಿದಿಲ್ಲ.

ಸಿಂಗಪುರದಲ್ಲಿ ಮೋಸವಾದರೆ ಸಣ್ಣ ವ್ಯಾಜ್ಯಗಳ ನ್ಯಾಯಮಂಡಳಿಗೆ ಹೋಗಬಹುದು. 20,000 ಸಿಂಗಪುರ ಡಾಲರುವರೆಗಿನ ತಕರಾರನ್ನು ಅದು ವಕೀಲರಿಲ್ಲದೆ ವಿಚಾರಿಸುತ್ತದೆ, ಪ್ರವಾಸಿಗಳ ದೂರನ್ನು ಬೇಗ ಕೈಗೆತ್ತಿಕೊಳ್ಳುವ ವ್ಯವಸ್ಥೆಯೂ ಇದೆ. ಇಷ್ಟು ಒಳ್ಳೆಯ ಏರ್ಪಾಡು ಬೇರೆ ದೇಶಗಳಲ್ಲಿ ಅಪರೂಪ.

ಪ್ರಶ್ನೆ: ರಸ್ತೆ ಬದಿಯಲ್ಲಿ ದೊಡ್ಡ ಬ್ರ್ಯಾಂಡಿನ ಚೀಲ ಬಹಳ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬಹುದೇ?

ಬೇಡ. ಇಟಲಿಯಲ್ಲಿ ನಕಲಿ ಸರಕನ್ನು ಕೊಂಡವರಿಗೂ 7,000 ಯೂರೋವರೆಗೆ ದಂಡ ಹಾಕಬಹುದು. ದಂತ, ಹವಳ, ಹಾವಿನ ಚರ್ಮದ ವಸ್ತುಗಳನ್ನೂ ಕೊಳ್ಳಬೇಡಿ, ಅವು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟಿಗೆ ಒಳಪಟ್ಟಿವೆ.

ಪ್ರಶ್ನೆ: ಮಕ್ಕಳಿಗೆ ಕೊಡಲು ಊರಿನಿಂದ ಏನು ಕೊಂಡೊಯ್ಯಬಹುದು?

ಹುರಿದು ಪುಡಿ ಮಾಡಿದ ಕಾಫಿ ಹೆಚ್ಚಿನ ಕಡೆ ತೊಂದರೆಯಿಲ್ಲದೆ ಹೋಗುತ್ತದೆ, ಅಂಗಡಿಯ ಸೀಲು ಮತ್ತು ಹೆಸರು ಇರುವ ಪೊಟ್ಟಣವಾದರೆ ಒಳ್ಳೆಯದು. ತೋಟದ ಹಸಿ ಬೀಜ, ಹಸಿ ಮೆಣಸಿನ ಬಳ್ಳಿ, ಏಲಕ್ಕಿ ಸಸಿ ಇಂಥವನ್ನು ಒಯ್ಯಬೇಡಿ. ಮನೆಯ ತುಪ್ಪವನ್ನು ಯುರೋಪಿಗೆ ಒಯ್ಯುವಂತಿಲ್ಲ, ಏಕೆಂದರೆ ಹೊರಗಿನಿಂದ ಬರುವವರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದಕ್ಕೆ ಅಲ್ಲಿ ನಿಷೇಧವಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕಗಳಲ್ಲಿ ತಿನ್ನುವ ಯಾವುದೇ ವಸ್ತುವನ್ನು ಅರ್ಜಿಯಲ್ಲಿ ಘೋಷಿಸಿ. ಘೋಷಿಸಿ ಕಳೆದುಕೊಂಡರೆ ಪದಾರ್ಥ ಮಾತ್ರ ಹೋಗುತ್ತದೆ, ಮುಚ್ಚಿಟ್ಟು ಸಿಕ್ಕಿದರೆ ದಂಡ.

ಎಲ್ಲಕ್ಕಿಂತ ಮುಖ್ಯವಾದದ್ದು ಗಸಗಸೆ. ದುಬೈ, ಅಬುಧಾಬಿಗಳಿರುವ ಯುಎಇಗೆ ಒಂದು ಚಮಚ ಗಸಗಸೆಯನ್ನೂ ಒಯ್ಯಬೇಡಿ, ಸೌದಿಗೂ ಬೇಡ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಬಾಣಂತಿಗೆಂದು ಮಾಡಿದ ಮಸಾಲೆ ಪುಡಿಯಲ್ಲಿ ಅದು ಬೆರೆತಿದೆಯೇ ಎಂಬುದನ್ನೂ ಮನೆಯವರಲ್ಲಿ ವಿಚಾರಿಸಿ.

ಪ್ರಶ್ನೆ: ಕೊಂಡ ಸಾಮಾನಿದ್ದ ಬ್ಯಾಗು ಬರಲೇ ಇಲ್ಲ ಅಥವಾ ಒಡೆದು ಬಂತು. ಏನು ಮಾಡಬೇಕು?

ನಿಲ್ದಾಣದಿಂದ ಹೊರಗೆ ಕಾಲಿಡುವ ಮೊದಲೇ ವಿಮಾನ ಕಂಪನಿಯ ಕೌಂಟರಿನಲ್ಲಿ ವರದಿ ಬರೆಸಿ ಪ್ರತಿ ಪಡೆಯಿರಿ. ಭಾರತವೂ ಸೇರಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಗೆ 7 ದಿನಗಳೊಳಗೆ, ತಡವಾಗಿ ಬಂದ ಬ್ಯಾಗಿಗೆ ಅದು ಕೈ ಸೇರಿದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಪರಿಹಾರಕ್ಕೆ ಮೇಲ್ಮಿತಿ ಇದೆ. ಹಾಗಾಗಿ ಒಡವೆ, ಕ್ಯಾಮೆರಾ, ಬಿಲ್ಲುಗಳು ಕೈಚೀಲದಲ್ಲಿಯೇ ಇರಲಿ.

ಪ್ರಶ್ನೆ: ಬಿಲ್ಲುಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು?

ಎರಡು ವರ್ಷ, ಚಿನ್ನದ್ದಾದರೆ ಒಡವೆ ಇರುವವರೆಗೆ. ಅಂಗಡಿಯ ಯಂತ್ರದಿಂದ ಬರುವ ನುಣುಪಾದ ಕಾಗದದ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತವೆ, ಮಳೆಗಾಲದ ಮಲೆನಾಡಿನ ಮನೆಗಳಲ್ಲಿ ಇನ್ನೂ ಬೇಗ. ಕೊಂಡ ದಿನವೇ ಹೋಟೆಲಿನಲ್ಲಿ ಒಂದೊಂದರ ಫೋಟೋ ತೆಗೆದು, ಮನೆಯ ಇನ್ನೊಬ್ಬರ ಫೋನಿಗೂ ಕಳುಹಿಸಿಡಿ.